ಜೇನುಹುಳ ಇವೆ, ಹೂವು ಎಲ್ಲಿ?

ನಿನ್ನೆ ರಾತ್ರಿ ನಿದ್ದೆ ಬರದೆ ಮೊಬೈಲ್ ಉಜ್ಜುತ್ತಾ ಕೂತಿದ್ದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಟೌನ್ ಹಾಲಿನ ವಿಡಿಯೋ ಬಂತು. ನಮ್ಮವನೇ ಒಬ್ಬ, "ನೋಡಿ ಫ್ರೆಂಡ್ಸ್, ವಿಕ್ಟೋರಿಯಾ ರಾಣಿ ಕಟ್ಟಿಸಿದ್ದು" ಅಂದ. ಇದ್ದಬದ್ದ ನಿದ್ದೆಯೂ ಹೋಯಿತು.

ರಾಣಿ ಕಟ್ಟಿಸಲಿಲ್ಲ ತಮ್ಮಾ. ಉದ್ಘಾಟನೆಗೆ ಕರೆದರೂ ಬರಲಿಲ್ಲ. 1877ರಲ್ಲಿ ಬಾಗಿಲು ತೆರೆದವರು ಮೇಯರ್ ಏಬಲ್ ಹೇವುಡ್. ಸರ್ಕಾರಕ್ಕೆ ಸುಂಕ ಕಟ್ಟದ ಪತ್ರಿಕೆ ಮಾರಿ ಹರೆಯದಲ್ಲಿ ಜೈಲು ಕಂಡ ಮನುಷ್ಯ! ಗಡಿಯಾರ ಗೋಪುರದ ದೊಡ್ಡ ಗಂಟೆಗೂ ಅವರದೇ ಹೆಸರು.

ಕಟ್ಟಿಸಿದ ದುಡ್ಡು ಹತ್ತಿ ವ್ಯಾಪಾರದ್ದು. ನನ್ನ ಸಿಟ್ಟು ಇರುವುದೂ ಅಲ್ಲೇ.

ಕಟ್ಟಡ ಚೆಂದ ಇಲ್ಲ ಅನ್ನುತ್ತಿಲ್ಲ. ಮುಕ್ಕೋನದ ಜಾಗ. ಅದರಲ್ಲೇ ಕಚೇರಿ, ಮೆಟ್ಟಿಲು, ದೊಡ್ಡ ಸಭಾಂಗಣ ಎಲ್ಲವನ್ನೂ ಕೂರಿಸಿದ, ವಾಸ್ತುಶಿಲ್ಪಿ ಆಲ್ಫ್ರೆಡ್ ವಾಟರ್‌ಹೌಸ್. ಚೂಪು ತುದಿಯ ಗಾಥಿಕ್ ಕಮಾನುಗಳು, 280 ಅಡಿಯ ಗೋಪುರ. ಊರಿನ ಮಿಲ್ಲುಗಳ ಹೊಗೆ ತಡೆಯಲಿ ಅಂತ ಗಟ್ಟಿ ಕಲ್ಲು. ನೆಲದ ಮೊಸಾಯಿಕ್‌ನಲ್ಲಿ ಜೇನುಹುಳಗಳು, ದುಡಿಯುವ ಊರಿನ ಗುರುತು. ಸರಿ, ಆ ಜೇನು ಹೀರಿದ್ದು ಯಾವ ಹೂವಿನದು?

ಸಭಾಂಗಣದಲ್ಲಿ ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಬರೆದ 12 ದೊಡ್ಡ ಚಿತ್ರಗಳಿವೆ. ರೋಮನ್ನರಿದ್ದಾರೆ, ನೇಕಾರರಿದ್ದಾರೆ, ಮಗ್ಗಕ್ಕೆ ಹಾರುವ ಲಾಳಿ ಕಂಡುಹಿಡಿದ ಜಾನ್ ಕೇ ಇದ್ದಾನೆ. ಹತ್ತಿ ಬಿಡಿಸುವ ಒಂದು ಕೈ? ಇಲ್ಲ. ಅಮೆರಿಕದ ಗುಲಾಮರೂ ಇಲ್ಲ, ನಮ್ಮ ಕಡೆಯ ರೈತರೂ ಇಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅರಳೆ ಬರುವುದು ನಿಂತಾಗ, ಮ್ಯಾಂಚೆಸ್ಟರಿನವರು ಕಣ್ಣು ಹಾಕಿದ್ದು ಧಾರವಾಡದ ಎರೆ ಹೊಲಗಳ ಮೇಲೂ. ಅಲ್ಲಿನ ಹತ್ತಿ ಸಾಗಿಸಲು ಕಾರವಾರದ ಬಂದರು ಬೇಕು ಅಂತ ಜೋರು ಮಾಡಿದವರೂ ಅವರೇ. ಯುದ್ಧ ಮುಗಿದು ಮೂರು ವರ್ಷಕ್ಕೆ, 1868ರಲ್ಲಿ, ಈ ಟೌನ್ ಹಾಲ್ ಏಳಲು ಶುರುವಾಯಿತು.

"ಚಾವಣಿ ನೋಡಿಲ್ವಾ? ವ್ಯಾಪಾರ ಮಾಡಿದ ನಾಡುಗಳ ಲಾಂಛನ ಬರೆಸಿದ್ದಾರಲ್ಲ" ಅಂತ ಒಬ್ಬರಾದರೂ ಕಮೆಂಟ್ ಹಾಕುತ್ತೀರಿ, ಗೊತ್ತು. ನೋಡಿದ್ದೇನೆ, ಕತ್ತು ನೋಯುವಷ್ಟು. ಲಾಂಛನ ಕಳೆ ಕೀಳುತ್ತಾ?

ಇಷ್ಟೆಲ್ಲ ಮಾತಾಡುವ ನಾನು ಮಾಡಿದ್ದೇನು? 2018ರ ಜನವರಿಯಲ್ಲಿ ದುರಸ್ತಿಗೆ ಬಾಗಿಲು ಹಾಕುವ ಮೊದಲು ಒಳಗೆ ಹೋಗಿ, ಬಾಯಿ ಬಿಟ್ಟು ನಿಂತು, ಸೆಲ್ಫಿ ತೆಗೆದುಕೊಂಡೆ. ಹತ್ತಿ ನೆನಪಾಗಲೇ ಇಲ್ಲ. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿ, "ಇಡೀ ಊರು ಹತ್ತೀಲೇ ಬೆಳೆದದ್ದಂತಪ್ಪಾ" ಅಂದೆ, ಗೈಡ್ ಹೇಳಿದ್ದನ್ನೇ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೌದಾ? ಅಲ್ಲೆ ಈಗ ಕ್ವಿಂಟಲ್‌ಗೆ ಏನ್ ರೇಟ್ ಐತಿ, ಕೇಳ್ಕೊಂಡ್ ಬಾ" ಅಂದರು.