ಹೆಸರು ಹೇಳಲ್ಲ, ಪ್ರಾರ್ಥನೆ ಮಾಡಿ

"ಹೆಸರು ಹೇಳಲ್ಲ ಸಿಸ್ಟರ್, ಆದ್ರೆ ಒಬ್ಬ ಮಗಳಿಗೋಸ್ಕರ ಎಲ್ಲರೂ ಭಾರ ತಗೊಂಡು ಪ್ರಾರ್ಥನೆ ಮಾಡ್ಬೇಕು."

ಮಂಗಳವಾರ ಸಂಜೆ ಮನೆ ಪ್ರಾರ್ಥನೆಯಲ್ಲಿ ನಮ್ಮ ಚರ್ಚಿನ ಆಂಟಿಯೊಬ್ಬರ ಬಾಯಲ್ಲಿ ಈ ಮಾತು ಕೇಳಿದಾಗಿನಿಂದ ಮೈ ಉರಿಯುತ್ತಿದೆ. ಹೆಸರು ಹೇಳಲಿಲ್ಲ, ನಿಜ. ಹುಡುಗಿ ಬೆಂಗಳೂರಿಂದ ಎರಡು ಸೂಟ್‌ಕೇಸ್ ಸಮೇತ ಬಂದಿಳಿದದ್ದು ಹೇಳಿದರು. ಗಂಡ ಈ ಕಡೆ ತಲೆ ಹಾಕಿಲ್ಲ ಅಂದರು. ಕೊರಳಲ್ಲಿ ತಾಳಿ ಕಾಣ್ತಿಲ್ಲ ಅನ್ನುವಾಗ ಮಾತ್ರ ದನಿ ಇಳಿಸಿದರು. ಕೂತಿದ್ದ ಹನ್ನೊಂದು ಹೆಂಗಸರಿಗೆ ಇನ್ನು ಹೆಸರು ಯಾಕೆ? ಹಾಸನ ಎಷ್ಟು ದೊಡ್ಡ ಊರು? ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಸೊಪ್ಪು ತಗೊಂಡು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಮನೆಯಲ್ಲಿರುತ್ತೆ.

ಪ್ರಾರ್ಥನೆ ಎರಡು ನಿಮಿಷ. ಅದಕ್ಕೆ ಮುಂಚಿನ ವಿವರಣೆ ಇಪ್ಪತ್ತೈದು ನಿಮಿಷ. ದೇವರಿಗೆ ವಿಷಯ ಗೊತ್ತಿರಲಿಲ್ಲ ಪಾಪ, ನಾವೇ ಕೂರಿಸಿಕೊಂಡು ತಿಳಿಸಬೇಕಾಯಿತು.

ನಮ್ಮಮ್ಮನ ವಿಷಯ ಹೇಳ್ತೀನಿ. ಮಿಷನ್ ಆಸ್ಪತ್ರೆ ಹೆರಿಗೆ ವಾರ್ಡಿನ ನರ್ಸ್. ಅರ್ಧ ಊರಿನ ಗುಟ್ಟು ಅವಳ ಹೊಟ್ಟೆಯಲ್ಲಿತ್ತು. ರಾತ್ರಿ ಮಂಡಿಯೂರಿ ಕೂತಾಗ ತುಟಿ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಎಷ್ಟು ಕಿವಿ ಕೊಟ್ಟರೂ ಒಂದು ಹೆಸರು ಸಿಕ್ಕಿಲ್ಲ. (ಕಿವಿ ಕೊಡುತ್ತಿದ್ದೆ, ಹೌದು.)

ಈಗ ಯಾರಾದರೂ ಬೈಬಲ್ಲಿನಲ್ಲಿ ಗಲಾತ್ಯದವರಿಗೆ ಅಪೊಸ್ತಲ ಪೌಲ ಬರೆದ ಪತ್ರ ತೆಗೆಯುತ್ತಾರೆ. ಒಬ್ಬರ ಭಾರ ಇನ್ನೊಬ್ಬರು ಹೊರಬೇಕು ಅಂತ 6ನೇ ಅಧ್ಯಾಯದಲ್ಲಿ ಪೌಲನೇ ಹೇಳಿದ್ದಾನಲ್ಲ, ವಿಷಯ ಹೇಳದೆ ಹೊರೋದು ಹೇಗೆ ಅಂತ. ಸರಿ, ಅದರ ಹಿಂದಿನ ವಚನವನ್ನೂ ಓದಿ. ತಪ್ಪಿದವರನ್ನು ಮೆತ್ತಗೆ ಸರಿದಾರಿಗೆ ತನ್ನಿ, ನೀವೂ ಜಾರದ ಹಾಗೆ ನೋಡಿಕೊಳ್ಳಿ ಅಂತ ಇದೆ. ಎಪಿಎಂಸಿಯಲ್ಲಿ ಆಲೂಗಡ್ಡೆ ಮೂಟೆ ಹೊರುವ ಹಮಾಲಿ ಮೂಟೆ ಹೊರುತ್ತಾನೆ ಅಷ್ಟೆ. ಬಿಚ್ಚಿ, ಕೊಳೆತದ್ದು ಎಷ್ಟು ಅಂತ ದಾರಿಯುದ್ದಕ್ಕೂ ತೋರಿಸುತ್ತಾ ಹೋಗಲ್ಲ. ಅಷ್ಟಕ್ಕೂ ಆ ಹುಡುಗಿ ತಪ್ಪು ಮಾಡಿದ್ದಾಳೆ ಅಂತ ಹೇಳಿದ್ದು ಯಾರು?

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕತೆ ನಮಗೆ ಸಂಡೆ ಸ್ಕೂಲಿನಿಂದ ಬಾಯಿಪಾಠ. ರಾಜ ಒಬ್ಬ ಆಳಿನ 10,000 ತಲಾಂತು ಸಾಲ ಬಿಟ್ಟುಬಿಡುತ್ತಾನೆ. ಅದೇ ಆಳು ಹೊರಗೆ ಬಂದು, ತನಗೆ 100 ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಒಂದು ದಿನಾರಿ ಅಂದರೆ ಆಗಿನ ಒಂದು ದಿನದ ಕೂಲಿ. ಒಂದು ತಲಾಂತಿಗೆ ಹೆಚ್ಚುಕಡಿಮೆ 6,000 ದಿನಾರಿ. ಗುಣಿಸಿದರೆ 6 ಕೋಟಿ ದಿನದ ಕೂಲಿ! ಸಕಲೇಶಪುರದ ಯಾವುದಾದರೂ ಕಾಫಿ ತೋಟದಲ್ಲಿ ಭಾನುವಾರದ ರಜೆಯೂ ಇಲ್ಲದೆ ದುಡಿದರೂ ತೀರಿಸೋಕೆ 1,60,000 ವರ್ಷ ಸಾಲದು. ದೇವರು ನಮಗೆ ಬಿಟ್ಟ ಸಾಲ ಅಷ್ಟು ಅಂತ ಭಾನುವಾರ ಕಣ್ಣೀರು ಹಾಕಿ ಹಾಡುತ್ತೇವೆ. ಮಂಗಳವಾರ ಕೂತು ಬೇರೆಯವರ ಮನೆ ಮಗಳ ಸೂಟ್‌ಕೇಸ್ ಎಣಿಸುತ್ತೇವೆ.

ನಾನು ಅರ್ಧಕ್ಕೇ ಎದ್ದು ಬಂದೆ ಅಂತ ಬರೆದುಕೊಳ್ಳಬಹುದಿತ್ತು. ಬರಲಿಲ್ಲ. ಕೇಸರಿಬಾತ್ ಬರುವವರೆಗೂ ಕೂತಿದ್ದೆ. ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ. ಕಣ್ಣು ಮುಚ್ಚಿಕೊಂಡು "ಸದ್ಯ ಸ್ವಾಮಿ, ನಾನು ಈ ಆಂಟಿ ಥರ ಇಲ್ಲ" ಅಂತ ಬೇರೆ ಅಂದುಕೊಂಡೆ. ಲೂಕ 18ರ ಕತೆಯಲ್ಲಿ ಪ್ರಾರ್ಥನೆಗೆ ನಿಂತ ಫರಿಸಾಯನೂ (ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ) ಜನ ಪಾಪಿ ಅನ್ನುತ್ತಿದ್ದ ಸುಂಕದವನನ್ನು ನೋಡಿ ಅಂದದ್ದು ಇದನ್ನೇ ಅಲ್ವಾ? ಅವನಾದರೂ ವಾರಕ್ಕೆ ಎರಡು ಸಲ ಉಪವಾಸ ಇರುತ್ತಿದ್ದ. ನಾನು ಎರಡು ಸಲ ಕೇಸರಿಬಾತ್ ಹಾಕಿಸಿಕೊಂಡೆ.

ಇನ್ನೂ ಒಂದು ಕಷ್ಟ ಇದೆ. ನಮ್ಮಪ್ಪ ಹಾಸಿಗೆ ಹಿಡಿದಾಗ ಹದಿನೈದು ದಿನ ಟಿಫಿನ್ ಕ್ಯಾರಿಯರ್‌ನಲ್ಲಿ ಗಂಜಿ ತಂದುಕೊಟ್ಟವರು ಇದೇ ಆಂಟಿ. ಕೆಟ್ಟವರಾಗಿದ್ದರೆ ಆರಾಮಾಗಿ ಬೈಕೊಂಡು ಇರಬಹುದಿತ್ತು.

ಮೊದಲು ಬರೆದಾಗ ಅವರ ಮನೆ ಗೇಟಿನ ಬಣ್ಣವನ್ನೂ ಬರೆದಿದ್ದೆ. ಅಳಿಸಿದೆ. ಹುಡುಗಿಯ ವಿವರವನ್ನೂ ಬದಲಾಯಿಸಿದ್ದೇನೆ. ಬೆಂಗಳೂರೂ ಅಲ್ಲ, ಎರಡು ಸೂಟ್‌ಕೇಸೂ ಅಲ್ಲ. ಯಾರು ಅಂತ ಕಾಮೆಂಟಲ್ಲಿ ಕೇಳಬೇಡಿ. ಇನ್‌ಬಾಕ್ಸಲ್ಲಂತೂ ಬೇಡವೇ ಬೇಡ, ಅಲ್ಲಿ ನಾನು ಹೇಳಿಬಿಡ್ತೀನಿ.