ಅಪ್ಪನ ಕೈಗೆ ಮಗು ಕೊಟ್ಟು ನೀವು ಆಚೆ ಹೋಗಿ

ನಮ್ಮ ಸಕಲೇಶಪುರದ ಕಡೆ ಅಪ್ಪಂದಿರ ಬಗ್ಗೆ ಮಾತು ಬಂದರೆ ಕೊನೆಗೆ ಅದು ಒಂದೇ ಜಾಗಕ್ಕೆ ಬಂದು ನಿಲ್ಲುತ್ತೆ. "ಪ್ರೀತಿ ಒಳಗೆ ಇರುತ್ತೆ, ತೋರಿಸಲ್ಲ ಅಷ್ಟೆ." ಎಲ್ಲರೂ ಹೌದು ಹೌದು ಅಂತ ತಲೆ ಆಡಿಸುತ್ತಾರೆ, ಇನ್ನೊಂದು ಲೋಟ ಕಾಫಿ ಬರುತ್ತೆ, ವಿಷಯ ಕಾಳುಮೆಣಸಿನ ರೇಟಿಗೆ ಹೋಗುತ್ತೆ. ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಎರಡು ಮಕ್ಕಳನ್ನು ಸಾಕಿದ ಮೇಲೆ ನನಗೆ ಈ ಮಾತು ಕೇಳಿದರೆ ಸ್ವಲ್ಪ ಸಿಟ್ಟು ಬರುತ್ತೆ. ಒಳಗೆ ಇಟ್ಟುಕೊಂಡ ಪ್ರೀತಿಯಿಂದ ಎರಡು ತಿಂಗಳ ಮಗುವಿನ ಹೊಟ್ಟೆ ಉಬ್ಬರ ಇಳಿಯಲ್ಲ. ಅದನ್ನು ಹೆಗಲಿಗೆ ಒರಗಿಸಿಕೊಂಡು, ಬೆನ್ನು ತಟ್ಟಿ ತೇಗು ಬರಿಸಬೇಕು. ರಾತ್ರಿ ಎರಡು ಗಂಟೆಗೆ ಅದು ಯಾವ ಅಳು, ಹಸಿವಿನದಾ ನಿದ್ದೆಯದಾ ಅಂತ ಕಿವಿಗೆ ಗೊತ್ತಾಗಬೇಕು. ಇದೆಲ್ಲ ಮಾಡಿ ಮಾಡಿ ಕೈಗೆ ಬರುವಂಥದ್ದು.

ನಮ್ಮ ಕಡೆ ಅದು ಅಪ್ಪಂದಿರ ಕೈಗೆ ಬರದೇ ಇರೋದಕ್ಕೆ ಅವರ ಸ್ವಭಾವ ಕಾರಣ ಅಂತ ನನಗನ್ನಿಸಲ್ಲ. ಅವರಿಗೆ ಜಾಗವೇ ಸಿಗಲ್ಲ. ಮೊದಲ ಹೆರಿಗೆ ತವರಿನಲ್ಲಿ. ಮೂರು ತಿಂಗಳೋ ಐದು ತಿಂಗಳೋ ಬಾಣಂತನ. ಅಪ್ಪ ಆದವನು ಶನಿವಾರ ಸಂಜೆ ಅತ್ತೆ ಮನೆಗೆ ನೆಂಟನ ಹಾಗೆ ಬರುತ್ತಾನೆ, ಕೋಳಿಸಾರು ಕಡುಬು ಉಣ್ಣುತ್ತಾನೆ, ಭಾನುವಾರ ಮಧ್ಯಾಹ್ನ ಹೊರಡುತ್ತಾನೆ. ಬೆಳಿಗ್ಗೆ ಬಚ್ಚಲಲ್ಲಿ ಹಂಡೆ ಕಾದಿರುತ್ತೆ. ಅಜ್ಜಿಯೋ, ನೀರು ಹಾಕೋಕೆ ಅಂತಲೇ ಬರುವ ಹೆಂಗಸೋ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿ, ಕೈಕಾಲು ಮಡಿಸಿ ಬಿಡಿಸಿ, ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ತೋರಿಸಿ, ಬಿಗಿಯಾಗಿ ಸುತ್ತಿ ಮಲಗಿಸುತ್ತಾರೆ. ನೋಡೋಕೆ ಎರಡು ಕಣ್ಣು ಸಾಲದು, ಅಷ್ಟು ಚೆಂದದ ಕೈಚಳಕ. ಅಪ್ಪ ಮಾತ್ರ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತಾನೆ. ಎತ್ತಿಕೊಳ್ಳೋಕೆ ಕೈ ಚಾಚಿದರೆ ಅತ್ತೆಯವರು, "ಕೊಡಿ ಇಲ್ಲಿ, ಕತ್ತು ಹಿಡಿಯೋದು ನಿಮಗೆ ಗೊತ್ತಾಗಲ್ಲ" ಅಂತಾರೆ. ಅವರು ಹೇಳೋದು ನಿಜವೇ, ಗೊತ್ತಾಗಲ್ಲ. ಹಿಡಿಯೋಕೆ ಬಿಟ್ಟರೆ ತಾನೇ ಗೊತ್ತಾಗೋದು?

ಮಗು ಗಂಡನ ಮನೆಗೆ ಬರುವ ಹೊತ್ತಿಗೆ ತಾಯಿ ಎಕ್ಸ್‌ಪರ್ಟ್ ಆಗಿರುತ್ತಾಳೆ, ಅಪ್ಪ ಇನ್ನೂ ಹೊಸಬ. ಆಮೇಲೆ ಆ ಅಂತರ ಕಮ್ಮಿ ಆಗೋದೇ ಇಲ್ಲ. ಹತ್ತು ವರ್ಷ ಆದ ಮೇಲೂ ಮಗುವಿನ ಜ್ವರದ ಔಷಧಿ ಎಷ್ಟು ಅಂತ ಹೆಂಡತಿಯನ್ನೇ ಕೇಳಬೇಕು.

ಸ್ವೀಡನ್ನಿನ ಗಂಡಸರು ಹುಟ್ಟಿನಿಂದಲೇ ಬೇರೆ ಥರ ಅಂತ ನಮ್ಮವರು ತಿಳಿದುಕೊಂಡಿದ್ದಾರೆ. ಅದು ಸುಳ್ಳು. ಇಲ್ಲಿ 1974ರಲ್ಲಿ ಅಪ್ಪ ಅಮ್ಮ ಇಬ್ಬರಲ್ಲಿ ಯಾರು ಬೇಕಾದರೂ ಹಾಕಬಹುದಾದ ಸಂಬಳ ಸಹಿತ ರಜೆ ಬಂತು, ಪ್ರಪಂಚದಲ್ಲೇ ಮೊದಲು. ಆದರೆ ಹೆಚ್ಚಿನ ಅಪ್ಪಂದಿರು ಹಾಕಲೇ ಇಲ್ಲ. ಸರ್ಕಾರ ಆ ಕಾಲದಲ್ಲಿ ಲೆನ್ನಾರ್ಟ್ ಡಾಲ್‌ಗ್ರೇನ್ ಅನ್ನೋ ಭಾರ ಎತ್ತುವ ಪೈಲ್ವಾನರ ಕೈಗೆ ಒಂದು ಪುಟಾಣಿ ಮಗು ಕೊಟ್ಟು ಫೋಟೋ ತೆಗೆಸಿ ಪೋಸ್ಟರ್ ಅಂಟಿಸಿತು. ಗಂಡಸುತನಕ್ಕೆ ಏನೂ ಕಮ್ಮಿ ಆಗಲ್ಲ ನೋಡಿ ಅಂತ. ಪೋಸ್ಟರ್ ಜನಕ್ಕೆ ಇಷ್ಟ ಆಯ್ತು, ರಜೆ ಹಾಕುವವರು ಮಾತ್ರ ಅಷ್ಟೇನೂ ಹೆಚ್ಚಲಿಲ್ಲ. ಕೊನೆಗೆ 1995ರಲ್ಲಿ ಒಂದು ತಿಂಗಳು ಅಪ್ಪನಿಗೇ ಮೀಸಲು ಅಂದರು. ಅವನು ಹಾಕದಿದ್ದರೆ ಅದು ಹೋಯಿತು, ಹೆಂಡತಿಗೂ ಸಿಗಲ್ಲ. 2002ರಲ್ಲಿ ಎರಡು ತಿಂಗಳು, 2016ರಲ್ಲಿ ಮೂರು. ಈಗ ಒಂದು ಮಗುವಿಗೆ ಒಟ್ಟು 480 ದಿನ, ಅದರಲ್ಲಿ ಇಬ್ಬರಿಗೂ 90 ದಿನ ಬಿಟ್ಟುಕೊಡಲಾಗದ ಪಾಲು. 390 ದಿನಕ್ಕೆ ಸಂಬಳದ ಸುಮಾರು 80 ಪರ್ಸೆಂಟ್ ಒಂದು ಮಿತಿಯವರೆಗೆ ಸಿಗುತ್ತೆ, ಉಳಿದದ್ದಕ್ಕೆ ದಿನಕ್ಕೆ 180 ಕ್ರೋನಾ. ಬಿಟ್ಟಿ ಸಿಗೋದು ಕಳೆದು ಹೋಗುತ್ತೆ ಅಂದಾಗ ಎಲ್ಲ ದೇಶದ ಗಂಡಸರೂ ಒಂದೇ, ಓಡಿ ಬಂದು ಅರ್ಜಿ ಹಾಕಿದರು! ಈಗ ಒಟ್ಟು ರಜೆಯಲ್ಲಿ ಸುಮಾರು 30 ಪರ್ಸೆಂಟ್ ಅಪ್ಪಂದಿರದ್ದು.

ಈ ಕಾನೂನಿನ ಅಸಲಿ ಲಾಭ ದುಡ್ಡಲ್ಲ ಅಂತ ನನಗೆ ಗೊತ್ತಾಗಿದ್ದು ನನ್ನ ಸರದಿ ಬಂದಾಗ. ಹೆಂಡತಿ ಬೆಳಿಗ್ಗೆ ಏಳೂವರೆಗೆ ಟ್ರಾಮ್ ಹತ್ತುತ್ತಿದ್ದಳು. ಸಂಜೆವರೆಗೆ ಮನೆಯಲ್ಲಿ ನಾನು ಮತ್ತು ಮಗಳು. ಅಮ್ಮ ಇಲ್ಲ, ಅತ್ತೆ ಇಲ್ಲ, "ಕೊಡಿ ಇಲ್ಲಿ" ಅನ್ನೋರು ಯಾರೂ ಇಲ್ಲ. ಮಗು ಅತ್ತರೆ ನಾನೇ, ಉಂಡರೆ ನಾನೇ, ವಾಂತಿ ಮಾಡಿದರೆ ನಾನೇ. ಹೆಂಡತಿ ಇದ್ದಾಗ ಮಾಡುವ "ಸಹಾಯ"ಕ್ಕೂ ಇದಕ್ಕೂ ಅಜಗಜಾಂತರ. ಸಹಾಯ ಮಾಡುವವನಿಗೆ ಡಯಾಪರ್ ಖಾಲಿಯಾಗಿದ್ದು ಗೊತ್ತಿರಬೇಕಿಲ್ಲ, ಒಬ್ಬನೇ ಇರುವವನಿಗೆ ಗೊತ್ತಿರಲೇಬೇಕು.

ಇಲ್ಲಿನ ಶಿಶುವಿಹಾರದ ಹೊರಕೋಣೆಯನ್ನು ನೀವು ನವೆಂಬರ್ ತಿಂಗಳ ಸಂಜೆ ನೋಡಬೇಕು. ಹೊರಗೆ ನಾಲ್ಕು ಗಂಟೆಗೇ ಕತ್ತಲು, ಜಿಟಿಜಿಟಿ ಮಳೆ. ಒಳಗೆ ಸಣ್ಣ ಬೆಂಚಿನ ಮೇಲೆ ಸಾಲಾಗಿ ಅಪ್ಪಂದಿರು ಮೊಣಕಾಲು ಮಡಿಸಿ ಕೂತಿರುತ್ತಾರೆ. ಮೊದಲು ಉಣ್ಣೆ ಕಾಲುಚೀಲ, ಆಮೇಲೆ ಮೈತುಂಬ ಮುಚ್ಚುವ ದಪ್ಪ ಉಡುಪು, ಆಮೇಲೆ ಬೂಟು, ಉಡುಪಿನ ತುದಿಯ ರಬ್ಬರ್ ಪಟ್ಟಿಯನ್ನು ಬೂಟಿನ ಅಡಿಗೆ ಸಿಕ್ಕಿಸಬೇಕು, ಇಲ್ಲದಿದ್ದರೆ ಹಿಮ ಒಳಗೆ ಹೋಗುತ್ತೆ. ಕೊನೆಗೆ ಕೈಗವಸು. ಇಷ್ಟೂ ಆದ ಮೇಲೆ ಮಗು "ಸೂಸು" ಅನ್ನುತ್ತೆ. ಮತ್ತೆ ಮೊದಲಿಂದ. ಪಕ್ಕದಲ್ಲಿ ಆಳೆತ್ತರದ ಬೀರು, ಅದರೊಳಗೆ ಬಿಸಿ ಗಾಳಿ, ಒದ್ದೆ ಬಟ್ಟೆಗಳನ್ನು ತೂಗು ಹಾಕಿರುತ್ತಾರೆ. ನಮ್ಮಲ್ಲಿ ಪುನರ್ವಸು ಮಳೆ ಹೊಡೆಯುವಾಗ ಬಚ್ಚಲ ಒಲೆಯ ಮೇಲೆ ತಂತಿ ಕಟ್ಟಿ ಯೂನಿಫಾರ್ಮ್ ಒಣಗಿಸುತ್ತಿದ್ದರಲ್ಲ, ಅದೇ ಕೆಲಸ, ಹೊಗೆ ವಾಸನೆ ಇಲ್ಲ ಅಷ್ಟೆ. ನಮ್ಮ ಮನೆಯಲ್ಲಿ ಆ ತಂತಿಯ ಬಟ್ಟೆ ತಿರುವಿ ಹಾಕುತ್ತಿದ್ದದ್ದು ಅಮ್ಮ. ಅಪ್ಪನಿಗೆ ನಾನು ಯಾವ ಕ್ಲಾಸು ಅನ್ನೋದೇ ಎಷ್ಟೋ ಸಲ ಮರೆತು ಹೋಗುತ್ತಿತ್ತು.

ಹೊಡೆಯುವ ವಿಷಯ ಹೇಳಲೇಬೇಕು. 1979ರಲ್ಲಿ ಸ್ವೀಡನ್ ಮನೆಯೊಳಗೂ ಮಕ್ಕಳ ಮೇಲೆ ಕೈ ಎತ್ತುವಂತಿಲ್ಲ ಅಂತ ಕಾನೂನು ಮಾಡಿತು, ಇದರಲ್ಲೂ ಇವರೇ ಮೊದಲು. ಸುದ್ದಿ ಮನೆ ಮನೆಗೆ ಮುಟ್ಟಲಿ ಅಂತ ಹಾಲಿನ ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿದರು, ಬೆಳಿಗ್ಗೆ ತಿಂಡಿ ತಿನ್ನುವಾಗ ಅಪ್ಪನೂ ಓದಬೇಕು, ಮಕ್ಕಳೂ ಓದಬೇಕು. ನಮ್ಮ ಕೆಳಗಿನ ಮನೆಯ ಅಜ್ಜನ ಮಕ್ಕಳು ಆಗ ಚಿಕ್ಕವರಂತೆ. ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು: ಹೊಡೆಯಬಾರದು ಅಂತ ಗೊತ್ತಾಯ್ತು, ಅದರ ಬದಲು ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ, ಅದಕ್ಕೆ ಸಿಟ್ಟು ಬಂದಾಗಲೆಲ್ಲ ಅವರು ಕೆಳಗಿಳಿದು ಹೋಗಿ ಸೈಕಲ್ ಒರೆಸುತ್ತಿದ್ದರಂತೆ. ಆ ಕಾಲದಲ್ಲಿ ಅವರ ಸೈಕಲ್ಲು ಫಳಫಳ ಅನ್ನುತ್ತಿತ್ತು ಅಂತ ಅವರ ಹೆಂಡತಿ ನಗುತ್ತಾರೆ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಸ್ಕೂಲಲ್ಲಿ ಹೊಡೆಯುವಂತಿಲ್ಲ. ಮನೆಯಲ್ಲಿ ಇನ್ನೂ ದಂಡಂ ದಶಗುಣಂ ನಡೆಯುತ್ತಲೇ ಇದೆ. "ನಾವೆಲ್ಲ ಏಟು ತಿಂದೇ ಬೆಳೆದಿಲ್ವಾ, ಏನಾಗಿದೆ ಈಗ?" ಅಂತ ಕೇಳುವ ನನ್ನ ವಾರಿಗೆಯವರಿಗೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ನಿಮಗೆ ಸಾಲ ಆದಾಗ, ಕೆಲಸ ಹೋದಾಗ, ಮೊದಲು ಅಪ್ಪನಿಗೆ ಹೇಳಿದಿರಾ, ಬಚ್ಚಿಟ್ಟಿರಾ? ಸಾಮಾನ್ಯವಾಗಿ ಉತ್ತರ ಬರಲ್ಲ.

ಇಷ್ಟು ಓದಿ, ಇವನು ಬಿಳಿಯರ ಭಜನೆ ಶುರು ಮಾಡಿದ ಅಂದುಕೊಂಡರೆ ತಪ್ಪು. ಇಲ್ಲಿನ ಪದ್ಧತಿಯಲ್ಲಿ ನನಗೆ ಸಪ್ಪೆ ಅನ್ನಿಸುವುದೂ ಇದೆ. ಇಲ್ಲಿ ಅಪ್ಪ ಮಗುವಿನ ಲೋಕಕ್ಕೆ ಇಳಿಯುತ್ತಾನೆ. ಲೆಗೋ ಜೋಡಿಸುತ್ತಾನೆ, ಜಾರುಬಂಡಿ ಆಡುತ್ತಾನೆ, ನೀಲಿ ಟೋಪಿನಾ ಕೆಂಪು ಟೋಪಿನಾ ಅಂತ ಹತ್ತು ನಿಮಿಷ ಚೌಕಾಸಿ ಮಾಡುತ್ತಾನೆ. ಆದರೆ ಮಗುವಿಗೆ ಅಪ್ಪನ ಲೋಕಕ್ಕೆ ಬಾಗಿಲೇ ಇಲ್ಲ. ನನ್ನ ಮಗನನ್ನು ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಕೇಳಿದರೆ "ಕಂಪ್ಯೂಟರ್ ಜೊತೆ ಮಾತಾಡ್ತಾರೆ" ಅನ್ನುತ್ತಾನೆ.

ನನ್ನ ಅಪ್ಪನಿಗೆ ಡಯಾಪರ್ ಗೊತ್ತಿರಲಿಲ್ಲ. ಆದರೆ ಕಾಫಿ ಕುಯ್ಲು ಶುರುವಾದರೆ ಸಂಜೆ ತೂಕದ ಹೊತ್ತಿಗೆ ನಾನು ಕಣದಲ್ಲಿ ಇರಲೇಬೇಕಿತ್ತು. ಆಗ ಮೂರನೇ ಕ್ಲಾಸೋ ನಾಲ್ಕೋ. ಹಣ್ಣು ಕುಯ್ದವರು ಚೀಲ ಹೊತ್ತು ತಂದು ಸಾಲಾಗಿ ಇಡುತ್ತಿದ್ದರು. ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಒಂದೊಂದೇ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ಮುಳ್ಳು ನಿಂತ ಮೇಲೆ ಕೂಗುತ್ತಿದ್ದ, ನಾನು ಲ್ಯಾಂಪಿನ ಬೆಳಕಲ್ಲಿ ಹೆಸರಿನ ಮುಂದೆ ಕೇಜಿ ಬರೆಯುತ್ತಿದ್ದೆ. ಕೇಜಿ ಲೆಕ್ಕದಲ್ಲಿ ಕೂಲಿ, ಅಂದ್ರೆ ನಾನು ಏಳನ್ನು ಒಂದು ಅಂತ ಬರೆದರೆ ಒಬ್ಬರ ಬಟವಾಡೆ ಹೋಯಿತು. ಯಾರಾದರೂ ತಕರಾರು ತೆಗೆದರೆ ಅಪ್ಪ ನನ್ನ ಕಡೆ ತಿರುಗಿ "ಬುಕ್ಕಲ್ಲಿ ಏನಿದೆ ಮಗಾ?" ಅನ್ನುತ್ತಿದ್ದರು. ನಾನು ಓದಿದ್ದೇ ಲೆಕ್ಕ. ಅಷ್ಟು ಜನರ ಮುಂದೆ ಅವರು ಒಂದು ಸಲವೂ ಪುಸ್ತಕ ಕಿತ್ತುಕೊಂಡು ನೋಡಲಿಲ್ಲ. ಡಿಸೆಂಬರಲ್ಲಿ ಅಕಾಲಕ್ಕೆ ಮಳೆ ಬಂದು ಒಣಗಿ ಹಾಕಿದ ಕಾಫಿ ನೆನೆಯುವ ಹಾಗಾದರೆ ರಾತ್ರಿ ಎಬ್ಬಿಸಿ ಟಾರ್ಪಲ್‌ನ ಒಂದು ತುದಿ ನನ್ನ ಕೈಗೆ ಕೊಡುತ್ತಿದ್ದರು. ವರ್ಷದ ದುಡಿಮೆ ಕಣ್ಣೆದುರೇ ಒದ್ದೆಯಾದಾಗ ಅವರ ಮುಖ ಹೇಗಿರುತ್ತೆ ಅನ್ನೋದನ್ನೂ ನೋಡಿದ್ದೇನೆ. ಯಾವ ಸ್ವೀಡಿಷ್ ಅಪ್ಪನೂ ತನ್ನ ಮಗುವಿಗೆ ಇದನ್ನು ತೋರಿಸಲ್ಲ, ತೋರಿಸಲು ಅವನ ಹತ್ತಿರ ಕಣವೂ ಇಲ್ಲ. ಇಲ್ಲಿ ಅದಕ್ಕೆ ಸ್ವಲ್ಪ ಹತ್ತಿರ ಬರುವುದು ಅಂದರೆ ನಮ್ಮ ಅಪಾರ್ಟ್‌ಮೆಂಟಿನವರು ವಸಂತದಲ್ಲೊಮ್ಮೆ, ಚಳಿಗೆ ಮುಂಚೆ ಒಮ್ಮೆ ಸೇರಿ ಅಂಗಳ ಕ್ಲೀನ್ ಮಾಡುವ ದಿನ. ಮಕ್ಕಳ ಕೈಗೂ ಎಲೆ ಗುಡಿಸೋ ಕೋಲು ಕೊಡುತ್ತಾರೆ, ಕೊನೆಗೆ ಎಲ್ಲರಿಗೂ ಸುಟ್ಟ ಸಾಸೇಜ್. ಆ ದಿನ ನಾನು ತಪ್ಪಿಸಲ್ಲ.

ಈಗ ಊರಲ್ಲೂ ಅಪ್ಪಂದಿರು ಬದಲಾಗುತ್ತಿದ್ದಾರೆ, ಅದಕ್ಕೆ ಕಾರಣ ಮಾತ್ರ ಸರ್ಕಾರವಲ್ಲ, ಕಾಡಾನೆ! ನಾವೆಲ್ಲ ತೋಟದ ಒಳದಾರಿಯಲ್ಲಿ ಕಾಲಿಗೆ ಹತ್ತಿದ ಉಂಬಳ, ಅಂದ್ರೆ ಜಿಗಣೆ, ಕಿತ್ತು ಬಿಸಾಕಿಕೊಂಡು ಸ್ಕೂಲಿಗೆ ನಡೆದವರು. ಈಗ ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಯಾವ ತೋಟದಲ್ಲಿದೆ ಅಂತ ಬೆಳಿಗ್ಗೆ ಮೊಬೈಲ್ ನೋಡಿಯೇ ಹೊರಗೆ ಕಾಲಿಡಬೇಕು. ಮಕ್ಕಳನ್ನು ಒಬ್ಬೊಬ್ಬರೇ ಕಳಿಸೋ ಹಾಗಿಲ್ಲ, ಅಪ್ಪ ಜೀಪೋ ಬೈಕೋ ತೆಗೆಯಲೇಬೇಕು. ನನ್ನ ದೊಡ್ಡಪ್ಪನ ಮಗ, ನನಗಿಂತ ದೊಡ್ಡವನು, ಹೀಗೆಯೇ ಅಪ್ಪನಾದವನು. ಮಗಳನ್ನು ಮನೆಯಲ್ಲಿ ಎದುರಿಗೆ ಕೂರಿಸಿ ಮಾತಾಡಿಸಿದರೆ "ಹೂಂ", "ಇಲ್ಲ" ಬಿಟ್ಟು ಬೇರೆ ಬರಲ್ಲ, ಗಾಡಿಯಲ್ಲಿ ಪಕ್ಕ ಕೂತರೆ ತಾನೇ ಶುರು ಮಾಡುತ್ತಾಳೆ ಅಂತಾನೆ. ಈಗ ಅವಳು ಮಂಗಳೂರಿನಲ್ಲಿ ಪಿಯು, ಹಾಸ್ಟೆಲ್ಲು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಗಾಡಿ ನಿಂತರೆ ಉಳಿದವರೆಲ್ಲ ಬೈಯುತ್ತಾರೆ, ಅಣ್ಣ ಮಾತ್ರ ಇಂಜಿನ್ ಆಫ್ ಮಾಡಿ ಆರಾಮಾಗಿ ಕೂರುತ್ತಾನೆ. ಆದರೆ ಈ ಮಾತುಕತೆ ಶುರುವಾದ ಹೊತ್ತಿಗೆ ಮಗಳು ಹೈಸ್ಕೂಲಲ್ಲಿದ್ದಳು. ಮಲೆನಾಡಿನ ಎಷ್ಟೋ ಮಕ್ಕಳು ಅಷ್ಟರೊಳಗೆ ಹಾಸ್ಟೆಲ್ ಸೇರಿರುತ್ತಾರೆ, ಅಪ್ಪನ ಪಾಲಿಗೆ ಉಳಿಯೋದು ಫೀಸ್ ಕಟ್ಟುವ ಕೆಲಸ ಮಾತ್ರ.

ಅದಕ್ಕೇ ನಾನು ಹೇಳೋದು, ಶುರುವಲ್ಲೇ ಅವನ ಕೈಗೆ ಮಗು ಕೊಟ್ಟು ಮಿಕ್ಕವರು ಆಚೆ ಹೋಗಬೇಕು. ನಮ್ಮ ದೇಶದಲ್ಲಿ 2017ರ ತಿದ್ದುಪಡಿ ಆದ ಮೇಲೆ ತಾಯಂದಿರಿಗೆ 26 ವಾರ ರಜೆ. ಒಳ್ಳೆಯದೇ. ಅಪ್ಪನಿಗೆ ಕೇಂದ್ರ ಸರ್ಕಾರಿ ನೌಕರಿ ಇದ್ದರೆ 15 ದಿನ, ಖಾಸಗಿ ಕಂಪನಿಯಾದರೆ ಅವರು ಕೊಟ್ಟಷ್ಟು, ಕೊಡಲೇಬೇಕು ಅನ್ನೋ ಕಾನೂನು ಇಲ್ಲ. ಸಿಗುವ 15 ದಿನವನ್ನೂ ನಮ್ಮ ಹುಡುಗರು ಹೆರಿಗೆಯ ವಾರದಲ್ಲೇ ಹಾಕಿ, ಆಸ್ಪತ್ರೆಗೂ ಮೆಡಿಕಲ್ ಸ್ಟೋರಿಗೂ ಓಡಾಡಿ, ನೆಂಟರಿಗೆ ಸ್ವೀಟ್ ಹಂಚಿ ಮುಗಿಸುತ್ತಾರೆ.

ಹಾಸನದಲ್ಲಿ ಕೇಂದ್ರ ಸರ್ಕಾರದ ಕೆಲಸದಲ್ಲಿರುವ ನನ್ನ ಅಕ್ಕನ ಮಗನಿಗೆ ಇತ್ತೀಚೆಗೆ ಮಗು ಆಯ್ತು. ಆ ರಜೆಯನ್ನು ಮಗು ಹುಟ್ಟಿ ಆರು ತಿಂಗಳೊಳಗೆ ಹಾಕಿದರೆ ಸಾಕು. ಅವನ ಹೆಂಡತಿ ಹೆರಿಗೆಗೆ ಮುಂಚೆಯೇ ಸ್ವಲ್ಪ ರಜೆ ಖರ್ಚು ಮಾಡಿದ್ದಾಳೆ, ಮಗುವಿಗೆ ಐದು ತಿಂಗಳಾಗುವಾಗ ಕೆಲಸಕ್ಕೆ ವಾಪಸ್. ಅವಳು ಹೊರಟ ದಿನದಿಂದ ನೀನು ರಜೆ ಹಾಕು, ಆ 15 ದಿನ ನಿಮ್ಮಮ್ಮನನ್ನೂ ಕರೆಸಬೇಡ, ಅತ್ತೆಯನ್ನೂ ಕರೆಸಬೇಡ ಅಂದೆ. "ಮಾವ, ನೀರು ಹಾಕೋದು ಹೆಂಗೆ?" ಅಂದ. ತವರಿನಲ್ಲಿ ಇರುವಾಗಲೇ ಹೋಗಿ ಕಲಿ, ಬೈದರೂ ಬಚ್ಚಲಿಂದ ಎದ್ದು ಬರಬೇಡ ಅಂತ ಹೇಳಿದ್ದೇನೆ. ಅವನು ಒಪ್ಪಿದ ಹಾಗಿದೆ. ಅಕ್ಕ ಮಾತ್ರ ಫೋನ್ ಮಾಡಿ, ಐದು ತಿಂಗಳ ಕೂಸನ್ನು ಗಂಡಸಿನ ಕೈಗೆ ಬಿಟ್ಟು ಹೋಗೋದು ಯಾವ ಊರ ನ್ಯಾಯ, ನೀನು ಅಲ್ಲಿ ಕೂತ್ಕೊಂಡು ಇಲ್ಲಿಯವರಿಗೆ ಬುದ್ಧಿ ಹೇಳಬೇಡ ಅಂತ ಚೆನ್ನಾಗಿ ಬೈದಳು. ಮುಂದಿನ ವಾರ ಮತ್ತೆ ಮಾತಾಡಬೇಕು.