ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು ಮಾರಾಯ್ರೆ?

ದೇರಳಕಟ್ಟೆಯಿಂದ ಮಣಿಪಾಲದವರೆಗೆ ನಮ್ಮ ಕಡೆ ಮೆಡಿಕಲ್ ಕಾಲೇಜುಗಳಿಗೇನೂ ಬರಗಾಲವಿಲ್ಲ. ಮದುವೆ ಊಟಕ್ಕೆ ಕೂತರೂ ಪಕ್ಕದಲ್ಲಿ ಒಬ್ಬರು ಪಿಎಚ್‌ಡಿ ಮಾಡುವವರು ಸಿಗುತ್ತಾರೆ. ಅವರದ್ದೊಂದು ಸಂಶೋಧನಾ ಪೇಪರ್ ಬಂತು ಅನ್ನಿ, ಒಳಗೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ಅದು ಅಚ್ಚಾದ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು? ಅಷ್ಟೇ. ಅಲ್ಝೈಮರ್, ಪಾರ್ಕಿನ್ಸನ್ ಥರದ ಕಾಯಿಲೆಗಳ ಜರ್ನಲ್‌ಗಳಿಗೂ ಇದೇ ತಕ್ಕಡಿ ಹಿಡಿಯುವುದು ನೋಡಿದರೆ ನನಗೆ ಮೈ ಉರಿಯುತ್ತದೆ.

ಲೆಕ್ಕ ಸುಲಭ. ಜರ್ನಲ್ ಹಿಂದಿನ 2 ವರ್ಷ ಪ್ರಕಟಿಸಿದ್ದನ್ನು ಈ ವರ್ಷ ಬಂದ ಪೇಪರ್‌ಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರೋ ಅದನ್ನು ಆ 2 ವರ್ಷದ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸುವುದು. (ಸಂಪಾದಕೀಯವನ್ನು ಯಾರಾದರೂ ಉಲ್ಲೇಖಿಸಿದರೆ ಅದು ಮೇಲಿನ ಸಂಖ್ಯೆಗೆ ಸೇರುತ್ತದೆ, ಆದರೆ ಸಂಪಾದಕೀಯ ಕೆಳಗಿನ ಲೆಕ್ಕದಲ್ಲಿ ಇಲ್ಲ. ಒಳ್ಳೇ ಉಪಾಯ ಅಲ್ವಾ!) 1955ರಲ್ಲಿ ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಈ ಯೋಚನೆ ಮುಂದಿಟ್ಟರು. ಲೈಬ್ರರಿಯವರಿಗೆ ಯಾವ ಜರ್ನಲ್ ತರಿಸಬೇಕು ಅಂತ ನೋಡೋದಕ್ಕೆ ಅದು ಸರಿಯೇ. ಈಗ ಅದರಲ್ಲಿ ಮನುಷ್ಯರನ್ನು ತೂಗುತ್ತಿದ್ದಾರೆ. ಮಲ್ಪೆಯಲ್ಲಿ ಎರಡು ಬೋಟಿಗೆ ಭರ್ಜರಿ ಮೀನು ಬಿದ್ದರೆ ಇಡೀ ಬಂದರಿನ ಸರಾಸರಿ ಏರುತ್ತದೆ, ಖಾಲಿ ಬಂದ ಬೋಟಿನವನಿಗೆ ಅದರಿಂದ ಏನು ಸಿಕ್ಕಿತು?

ಈ ಕಾಯಿಲೆಗಳಿಗೆ 2 ವರ್ಷ ಯಾವ ಲೆಕ್ಕ! ಅಲ್ಝೈಮರ್‌ನಲ್ಲಿ ಮರೆವು ಕಾಣಿಸಿಕೊಳ್ಳುವ 15-20 ವರ್ಷ ಮೊದಲೇ ಮಿದುಳಿನಲ್ಲಿ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಕಟ್ಟಿಕೊಳ್ಳಲು ಶುರುವಾಗುತ್ತದೆ. ಜೇಮ್ಸ್ ಪಾರ್ಕಿನ್ಸನ್ ನಡುಕದ ಕಾಯಿಲೆಯ ಬಗ್ಗೆ ತಮ್ಮ ಪುಟ್ಟ ಪುಸ್ತಕ ಬರೆದದ್ದು 1817ರಲ್ಲಿ. ದಶಕಗಳಾದ ಮೇಲೆ ಪ್ಯಾರಿಸ್‌ನ ನರರೋಗ ವೈದ್ಯ ಶಾರ್ಕೋ ಅದನ್ನು ಎತ್ತಿ ಹಿಡಿದು ಕಾಯಿಲೆಗೆ ಅವರ ಹೆಸರಿಟ್ಟರು. ಈಗಿನ ಕಮಿಟಿ ಮುಂದೆ ಪಾರ್ಕಿನ್ಸನ್‌ಗೆ ಪ್ರಮೋಷನ್ ಸಿಗುತ್ತಿರಲಿಲ್ಲ, ಬಿಡಿ.

ಇನ್ನೊಂದು ಕಡೆ 2006ರ 'ನೇಚರ್' ಪೇಪರ್ ನೋಡಿ. ಇಲಿಗಳ ಮರೆವಿಗೆ ಒಂದು ನಿರ್ದಿಷ್ಟ ಬಗೆಯ ಅಮಿಲಾಯ್ಡ್ ಕಾರಣ ಅಂದಿತ್ತು. ಸಾವಿರಾರು ಉಲ್ಲೇಖ ಬಂತು. 2022ರಲ್ಲಿ 'ಸೈನ್ಸ್' ಪತ್ರಿಕೆ ಅದರ ಚಿತ್ರಗಳನ್ನೇ ತಿದ್ದಿರಬಹುದು ಅಂತ ವಿವರವಾಗಿ ಬರೆಯಿತು, 2024ರಲ್ಲಿ ಪೇಪರ್ ವಾಪಸ್ ಆಯಿತು. ಅದು ಗಳಿಸಿಕೊಟ್ಟ ಉಲ್ಲೇಖಗಳು ಜರ್ನಲ್ ಖಾತೆಗೆ ಜಮಾ ಆಗಿ ಎಷ್ಟೋ ವರ್ಷವಾಗಿತ್ತು. ಅದನ್ನು ಯಾರು ವಾಪಸ್ ತಗೊಳ್ತಾರೆ?

ನಮ್ಮ ಮಾವನಿಗೆ ಪಾರ್ಕಿನ್ಸನ್. ಅದಕ್ಕೆ ಕೊಡುವ ಲೆವೊಡೋಪಾ ಮಾತ್ರೆ ನುಂಗಿ ತಕ್ಷಣ ಬಂಗುಡೆ ಪುಳಿಮುಂಚಿ ಊಟ ಮಾಡಿದ ದಿನ ಕುರ್ಚಿಯಿಂದ ಏಳಲು ಒದ್ದಾಡುತ್ತಿದ್ದರು. ಮೀನಿನ ಪ್ರೋಟೀನ್ ಆ ಮಾತ್ರೆಯ ಜೊತೆ ಪೈಪೋಟಿಗೆ ಬೀಳುತ್ತದೆ, ಕರುಳಿನಲ್ಲೂ, ಮಿದುಳಿಗೆ ಹೋಗುವಾಗಲೂ. ಡಾಕ್ಟರ್ ಹೇಳಿದ ಮೇಲೆ ಅತ್ತೆ ಅಡುಗೆಮನೆ ಗಡಿಯಾರದ ಕೆಳಗೆ ಚೀಟಿ ಅಂಟಿಸಿದರು: 'ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ'. ಯಾರೋ ಕೂತು ಅಧ್ಯಯನ ಮಾಡಿದ್ದರ ಫಲ ಅದು. ಅತ್ತೆಯ ಚೀಟಿ ಯಾವ ಉಲ್ಲೇಖದ ಲೆಕ್ಕಕ್ಕೂ ಸೇರುವುದಿಲ್ಲ.

ಜರ್ನಲ್ ನೋಡಿ ಜನರನ್ನು ಅಳೆಯಬೇಡಿ ಅಂತ 2013ರಲ್ಲೇ ಸಂಶೋಧಕರು, ಸಂಪಾದಕರು ಸೇರಿ ಹೊರಡಿಸಿದ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಬಂದಿದೆ. ಅಳೆಯಲೇಬೇಕು ಅಂದ್ರೆ ಜರ್ನಲ್‌ನವರಿಗೇ ಬೇರೆ ಪ್ರಶ್ನೆ ಕೇಳಿ. ತಪ್ಪು ಪೇಪರ್ ವಾಪಸ್ ತೆಗೆಯಲು ಎಷ್ಟು ವರ್ಷ ತಗೊಂಡಿರಿ? ಫೇಲ್ ಆದ ಔಷಧಿಯ ಪರೀಕ್ಷೆಗಳಿಗೂ ಜಾಗ ಕೊಟ್ಟಿರಾ? ಅಲ್ಝೈಮರ್‌ನಲ್ಲಿ ಗೆದ್ದ ಔಷಧಿಗಿಂತ ಸೋತ ಔಷಧಿಯೇ ಜಾಸ್ತಿ. ಯಾಕೆ ಸೋತಿತು ಅಂತ ಬರೆದಿಡದಿದ್ದರೆ ಮುಂದಿನವರು ಮತ್ತೆ ಅದಕ್ಕೇ ದುಡ್ಡು ಸುರೀತಾರೆ.